ಸುಂಕದ ಕಟ್ಟೆ ಮತ್ತು ಆತ್ಮಸಾಕ್ಷಿ

ಸಂಸ್ಕೃತ ಶಾಸ್ತ್ರಗ್ರಂಥಗಳಲ್ಲಿ ವಾದದ ನಡುವೆ ದೃಷ್ಟಾಂತವಾಗಿ ಬಳಕೆಯಾಗುವ ಲೌಕಿಕ ನ್ಯಾಯಗಳು ಅನೇಕವಾಗಿವೆ. ಅವುಗಳಲ್ಲಿ ‘ಘಟ್ಟಕುಟೀಪ್ರಭಾತ ನ್ಯಾಯ’ವೆಂಬುದೂ ಒಂದು. ಒಬ್ಬ ವರ್ತಕನು ಸುಂಕವನ್ನು ತಪ್ಪಿಸಬೇಕೆಂದು ರಾಜಮಾರ್ಗವನ್ನು ಬಿಟ್ಟು, ರಾತ್ರಿಯೆಲ್ಲ ಅಡ್ಡದಾರಿಗಳಲ್ಲಿ ತನ್ನ ಸರಕನ್ನು ಸಾಗಿಸಿಕೊಂಡು ಅಲೆದನಂತೆ. ಕತ್ತಲೆಯಲ್ಲಿ ದಿಕ್ಕು ತಪ್ಪಿ, ಸುತ್ತಿ ಸುತ್ತಿ ಬಳಲಿ, ಬೆಳಗಾದ ಮೇಲೆ ನೋಡಿದರೆ ಅವನು ನಿಂತಿದ್ದುದು ಸುಂಕದ ಕಟ್ಟೆಯ ಬಾಗಿಲಿನಲ್ಲಿಯೇ! ಗುರುಕುಲದಲ್ಲಿ ತರ್ಕವನ್ನು ಓದುತ್ತಿದ್ದ ದಿನಗಳಲ್ಲಿ ಈ ನ್ಯಾಯವನ್ನು ಕೇಳಿ ನಾವು ಸಹಪಾಠಿಗಳೆಲ್ಲ ನಕ್ಕಿದ್ದುಂಟು. ಆ ವರ್ತಕನ ಸ್ಥಾನದಲ್ಲಿ ಒಂದು ದಿನ ನಾವೇ ನಿಲ್ಲಬೇಕಾದೀತೆಂದು ಆಗ ಎಣಿಸಿರಲಿಲ್ಲ.

ಶ್ರೀಮಠದ ಶಿಷ್ಯಸಮುದಾಯಕ್ಕೆ ಸೇರಿದವರೂ, ನಮ್ಮ ವಿದ್ಯಾಸಂಸ್ಥೆಗಳಲ್ಲಿ ಓದಿ ಹೊರಬಂದವರೂ ಇಂದು ಬಹುಸಂಖ್ಯೆಯಲ್ಲಿ ಪರದೇಶಗಳಲ್ಲಿ ನೆಲಸಿದ್ದಾರೆ. ಅವರು ಊರಿಗೆ ಬರುವಾಗ ಬಂಧುಬಳಗಕ್ಕೆಂದು, ಓದುವ ಮಕ್ಕಳಿಗೆಂದು ಬೆಲೆಬಾಳುವ ಗಣಕಯಂತ್ರಗಳನ್ನು ತರುವುದು ಸಾಮಾನ್ಯವಾಗಿದೆ. ಒಂದು ಕಾಲಕ್ಕೆ ಕೈಗಡಿಯಾರಕ್ಕೂ ಟ್ರಾನ್ಸಿಸ್ಟರಿಗೂ ಇದ್ದ ಸ್ಥಾನ ಈಗ ಲ್ಯಾಪ್‌ಟಾಪಿಗೆ ಬಂದಿದೆ. ದರ್ಶನಕ್ಕೆ ಬಂದ ಕೆಲವರು, “ಬುದ್ಧೀ, ರಟ್ಟಿನ ಪೆಟ್ಟಿಗೆಯನ್ನು ಅಲ್ಲಿಯೇ ಎಸೆದು, ಬಟ್ಟೆಗಳ ನಡುವೆ ಇಟ್ಟು ತಂದೆವು, ಯಾರೂ ಕೇಳಲಿಲ್ಲ” ಎಂದು ಸಂತೋಷದಿಂದ ಹೇಳುವುದುಂಟು. ಇವರಾರೂ ಕಳ್ಳರಲ್ಲ. ಅಂಗಡಿಯವನು ಮರೆತು ಹೆಚ್ಚಿಗೆ ಕೊಟ್ಟ ಚಿಲ್ಲರೆಯನ್ನು ಮರಳಿಸುವ ಸಜ್ಜನರು. ಇಂಥವರು ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಮಾತ್ರ ಬೇರೆಯಾಗಿ ವರ್ತಿಸುವುದೇಕೆ? ಸುಂಕವನ್ನು ತಪ್ಪಿಸುವುದು ಕೇವಲ ಕಾನೂನಿನ ಉಲ್ಲಂಘನೆಯೋ, ಇಲ್ಲವೆ ಧರ್ಮದ ಉಲ್ಲಂಘನೆಯೂ ಹೌದೋ? ಈ ಪ್ರಶ್ನೆಯನ್ನು ಕುರಿತು ಸ್ವಲ್ಪ ಚಿಂತಿಸುವುದು ಉಚಿತವಾಗಿದೆ. ಆದರೆ ಅನ್ಯರಿಗೆ ಹೇಳುವ ಮುನ್ನ ನಮ್ಮಿಂದಲೇ ನಡೆದುಹೋದ ಒಂದು ತಪ್ಪನ್ನು ನಿವೇದಿಸಿಕೊಳ್ಳುವುದು ನ್ಯಾಯ.

2019ರಲ್ಲಿ ಅಮೆರಿಕದಲ್ಲಿರುವ ಭಕ್ತರ ಆಹ್ವಾನದ ಮೇರೆಗೆ ನಾವು ಅಲ್ಲಿಗೆ ಹೋಗಿದ್ದೆವು. ಹೊರಡುವ ಹಿಂದಿನ ದಿನ ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಎರಡು ಹೊಸ ಲ್ಯಾಪ್‌ಟಾಪುಗಳನ್ನು ತಂದು, ಶಾಲೆಯ ಮಕ್ಕಳಿಗೆಂದು ಅರ್ಪಿಸಿದರು. ಒಂದೊಂದರ ಬೆಲೆ ಸುಮಾರು 1,700 ಡಾಲರು. ಅಂದಿನ ವಿನಿಮಯ ದರದಲ್ಲಿ ಹೆಚ್ಚುಕಡಿಮೆ 1,20,000 ರೂಪಾಯಿ. ಸುಂಕದ ವಿಷಯವೇನೆಂದು ನಾವು ಕೇಳಿದಾಗ ಅವರು ಕೈಮುಗಿದು, “ಬುದ್ಧೀ, ತಮ್ಮ ಚೀಲವನ್ನು ಯಾರು ತೆರೆದು ನೋಡುತ್ತಾರೆ?” ಎಂದರು. ಆ ಮಾತಿನಲ್ಲಿ ಭಕ್ತಿಯೂ ಇತ್ತು, ಲೋಕಾನುಭವವೂ ಇತ್ತು. ನಾವು ಮರುಮಾತನಾಡಲಿಲ್ಲ. ತಾಯ್ನಾಡಿನ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹಾಗೆಯೇ ಆಯಿತು. ಸುಂಕದ ಅಧಿಕಾರಿಯೊಬ್ಬರು ನಮ್ಮ ಕಾವಿಯನ್ನು ಕಂಡು, ಎದ್ದು ನಮಸ್ಕರಿಸಿ, ಹಸಿರು ದಾರಿಯನ್ನು ತೋರಿಸಿದರು. ನಾವು ಆಶೀರ್ವದಿಸಿ ಮುಂದೆ ನಡೆದೆವು.

ಇಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ತಿಳಿಯಬೇಕು. 1962ರ ಸೀಮಾಸುಂಕ ಅಧಿನಿಯಮದ 77ನೆಯ ಕಲಮಿನ ಪ್ರಕಾರ ಪ್ರಯಾಣಿಕನು ತನ್ನ ಸಾಮಾನುಗಳಲ್ಲಿ ಏನಿದೆಯೆಂಬುದನ್ನು ಅಧಿಕಾರಿಗೆ ತಾನಾಗಿಯೇ ತಿಳಿಸಬೇಕು. ಕೇಳಿದರೆ ಹೇಳುವುದಲ್ಲ, ಹೇಳುವುದು ಅವನದೇ ಹೊಣೆ. 2016ರ ಪ್ರಯಾಣಸಾಮಗ್ರಿ ನಿಯಮಗಳ ಮೇರೆಗೆ, ಅಮೆರಿಕದಂಥ ದೇಶಗಳಿಂದ ಬರುವ ಭಾರತೀಯ ನಿವಾಸಿಗೆ ಬಳಸಿದ ಸ್ವಂತ ವಸ್ತುಗಳಲ್ಲದೆ 50,000 ರೂಪಾಯಿ ಬೆಲೆಯವರೆಗಿನ ಸಾಮಾನಿಗೆ ಸುಂಕವಿರಲಿಲ್ಲ. ಹದಿನೆಂಟು ವರ್ಷ ತುಂಬಿದ ಪ್ರಯಾಣಿಕನಿಗೆ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರುವ ಅನುಕೂಲವನ್ನು 2004ರ ಅಧಿಸೂಚನೆಯೊಂದು ಬೇರೆಯಾಗಿಯೇ ಕಲ್ಪಿಸಿತ್ತು. ಮಿತಿಯನ್ನು ಮೀರಿದ ಬೆಲೆಯ ಮೇಲೆ ನೂರಕ್ಕೆ 35ರಂತೆ ಸುಂಕ, ಆ ಸುಂಕದ ಮೇಲೆ ನೂರಕ್ಕೆ 10ರಂತೆ ಸಮಾಜ ಕಲ್ಯಾಣ ಅಧಿಭಾರ, ಒಟ್ಟು 38.5. ನಮ್ಮ ಎರಡು ಯಂತ್ರಗಳಲ್ಲಿ ಒಂದು ವಿನಾಯಿತಿಗೆ ಸೇರಿತೆಂದು ಉದಾರವಾಗಿ ಎಣಿಸಿದರೂ, ಇನ್ನೊಂದರ ಬೆಲೆಯಲ್ಲಿ 50,000ವನ್ನು ಕಳೆದು ಉಳಿದ 70,000ಕ್ಕೆ 26,950 ರೂಪಾಯಿಯನ್ನು ನಾವು ಕಟ್ಟಬೇಕಾಗಿತ್ತು. ಕಟ್ಟಲಿಲ್ಲ.

“ನಾವೇನೂ ಸುಳ್ಳು ಹೇಳಲಿಲ್ಲವಲ್ಲ, ಅವರು ಕೇಳಲೇ ಇಲ್ಲ” ಎಂಬ ಸಮಾಧಾನವನ್ನು ಆಗ ನಮ್ಮ ಮನಸ್ಸು ನಮಗೆ ಒದಗಿಸಿತು. ಹಲವರು ಹೇಳಿಕೊಳ್ಳುವುದೂ ಇದನ್ನೇ. ಆದರೆ ಈ ಸಮಾಧಾನವು ವಿಚಾರದ ಮುಂದೆ ನಿಲ್ಲುವುದಿಲ್ಲ. ನಿಲ್ದಾಣದಲ್ಲಿ ಹಸಿರು, ಕೆಂಪು ಎಂಬ ಎರಡು ದಾರಿಗಳಿರುವುದು ಅಲಂಕಾರಕ್ಕಲ್ಲ. ಕೆಂಪು ದಾರಿಯನ್ನು ಹಿಡಿಯುವವನು ‘ನನ್ನಲ್ಲಿ ಸುಂಕಕ್ಕೆ ಒಳಗಾಗುವ ವಸ್ತುವಿದೆ’ ಎಂದು ಹೇಳಿದಂತೆ. ಹಸಿರು ದಾರಿಯನ್ನು ಹಿಡಿಯುವವನು ‘ಇಲ್ಲ’ ಎಂದು ಹೇಳಿದಂತೆ. ಬಾಯಿ ಮುಚ್ಚಿರಬಹುದು, ಕಾಲುಗಳು ಮಾತನಾಡುತ್ತವೆ. ನುಡಿಯಂತೆ ನಡೆಯಿರಬೇಕೆಂದು ನಾವು ಎಷ್ಟು ಸಲ ವೇದಿಕೆಗಳ ಮೇಲೆ ಹೇಳಿದ್ದೇವೆ! ನುಡಿಯೂ ನಡೆಯೂ ಎರಡು, ಅವುಗಳನ್ನು ಹೊಂದಿಸಬೇಕು ಎಂಬುದು ಅದರ ಸಾಮಾನ್ಯವಾದ ಅರ್ಥ. ಸುಂಕದ ಕಟ್ಟೆಯು ನಮಗೆ ಇನ್ನೊಂದನ್ನು ಕಲಿಸಿತು. ಕೆಲವು ಎಡೆಗಳಲ್ಲಿ ನಡೆಯೇ ನುಡಿ. ಅಲ್ಲಿ ಇಟ್ಟ ಹೆಜ್ಜೆಯೇ ಹುಸಿಯಾಗಬಲ್ಲದು. ಹೀಗಿರಲು, ಮೌನವು ಸತ್ಯದ ಪಕ್ಷದಲ್ಲಿದೆಯೆಂದು ಭಾವಿಸುವುದು ಆತ್ಮವಂಚನೆಯಲ್ಲದೆ ಮತ್ತೇನು?

ಯಾರೂ ನೋಡದಿರುವಾಗ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದು ಪುರಾತನವಾದ ಪ್ರಶ್ನೆ. ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಉಂಗುರದ ಕಥೆಯನ್ನು ಹೇಳಿಸುತ್ತಾನೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಉಂಗುರವೊಂದು ಸಿಕ್ಕಿತು. ಅದರ ಹರಳನ್ನು ಒಳಮುಖವಾಗಿ ತಿರುಗಿಸಿದರೆ ಧರಿಸಿದವನು ಅದೃಶ್ಯನಾಗುತ್ತಿದ್ದ. ಅಂಥ ಉಂಗುರ ಕೈಗೆ ಬಂದ ಮೇಲೂ ನ್ಯಾಯವನ್ನು ಬಿಡದವನು ಇರುವನೇ ಎಂಬುದು ಅಲ್ಲಿಯ ವಾದ. ವಿಶ್ವವಿದ್ಯಾನಿಲಯದಲ್ಲಿ ಇದನ್ನು ಓದಿದಾಗ ಅದೊಂದು ಕಲ್ಪನೆಯೆಂದು ತಿಳಿದಿದ್ದೆವು. ಈಗ ನೋಡಿದರೆ ಅಂಥ ಉಂಗುರಗಳು ಲೋಕದಲ್ಲಿ ಬೇಕಾದಷ್ಟಿವೆ. ಅಧಿಕಾರಿಯ ಗುರುತುಚೀಟಿ ಒಂದು ಉಂಗುರ. ಒಳ್ಳೆಯ ಉಡುಪು, ನಿರರ್ಗಳವಾದ ಇಂಗ್ಲಿಷ್ ಇನ್ನೊಂದು ಉಂಗುರ. ನಮ್ಮ ಕಾವಿಯೂ ಆ ದಿನ ಉಂಗುರವೇ ಆಗಿತ್ತು. ಅದೇ ಸರದಿಯಲ್ಲಿ, ಕೊಲ್ಲಿ ರಾಷ್ಟ್ರದಿಂದ ಬಂದಿದ್ದ ಕೂಲಿಯ ಯುವಕನೊಬ್ಬನ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿ, ಅವನ ಬಟ್ಟೆಗಳನ್ನೆಲ್ಲ ಹರವಿ ನೋಡುತ್ತಿದ್ದರು. ಅವನಲ್ಲಿ ಏನಿತ್ತೋ ನಾವು ಅರಿಯೆವು. ನಮ್ಮಲ್ಲಿ ಏನಿತ್ತೆಂಬುದನ್ನು ಬಲ್ಲೆವು. ತ್ಯಾಗದ ಗುರುತಾದ ವಸ್ತ್ರಕ್ಕೆ ಸಮಾಜವು ತೋರುವ ವಿಶ್ವಾಸವು ನಮ್ಮ ಸ್ವಂತ ಗಳಿಕೆಯಲ್ಲ. ಹಿಂದಿನವರ ತಪಸ್ಸು ಗಳಿಸಿಟ್ಟದ್ದು. ಅದನ್ನು ಎರಡು ಯಂತ್ರಗಳಿಗಾಗಿ ವ್ಯಯಮಾಡಿದೆವು. ಕಟ್ಟದೆ ಉಳಿದ ಹಣಕ್ಕಿಂತ ಈ ನಷ್ಟವೇ ದೊಡ್ಡದು.

“ಆದರೆ ಇದು ಸ್ವಾರ್ಥಕ್ಕಲ್ಲವಲ್ಲ, ಮಕ್ಕಳ ವಿದ್ಯೆಗೆ ತಂದದ್ದು” ಎಂದು ಭಕ್ತರು ಕೇಳಬಹುದು. ಈ ಪ್ರಶ್ನೆಯೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವಾಗ, ವಿವಾಹ, ಯಜ್ಞ, ದೇವಪೂಜೆ ಮೊದಲಾದವುಗಳಿಗೆಂದು ಒಯ್ಯುವ ವಸ್ತುಗಳಿಗೆ ಸುಂಕವಿಲ್ಲವೆಂದು ಹೇಳಿದೆ. ಅದರ ಬೆನ್ನಿಗೇ, ಈ ವಿಷಯದಲ್ಲಿ ಸುಳ್ಳು ಹೇಳುವವನಿಗೆ ಕಳ್ಳನಿಗೆ ವಿಧಿಸುವ ದಂಡವನ್ನೇ ವಿಧಿಸಬೇಕೆಂದೂ ಹೇಳಿದೆ. ಧರ್ಮಕಾರ್ಯಕ್ಕೆ ರಿಯಾಯಿತಿ ಕೊಡುವುದು ರಾಜ್ಯದ ಔದಾರ್ಯ. ಅದನ್ನು ಕೇಳಿ ಪಡೆಯಬೇಕೇ ಹೊರತು ನಾವೇ ಮನಸ್ಸಿನಲ್ಲಿ ಮಂಜೂರು ಮಾಡಿಕೊಳ್ಳಲಾಗದು. ಮೇಲಾಗಿ, ಬೊಕ್ಕಸದ ಹಣವೆಂದರೆ ಯಾರ ಹಣ? ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟವನ್ನು ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ವೆಂದು ಕರೆಯುತ್ತಾರೆ. ಅದರ ವೆಚ್ಚವನ್ನು ಕೇಂದ್ರವೂ ರಾಜ್ಯವೂ ಹಂಚಿಕೊಂಡು ಭರಿಸುತ್ತವೆ. ಸುಂಕವು ಸೇರುವುದು ಆ ಬೊಕ್ಕಸಕ್ಕೇ. ಒಂದು ದಾಸೋಹದ ಪಾತ್ರೆಯಿಂದ ಯಾರಿಗೂ ತಿಳಿಯದಂತೆ ತೆಗೆದು ಇನ್ನೊಂದು ದಾಸೋಹದ ಪಾತ್ರೆಗೆ ಸುರಿದರೆ ಅದು ದಾಸೋಹವಾದೀತೇ? ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಹೇಳಿದ ಲಕ್ಕಮ್ಮನ ಕಥೆಯನ್ನು ನಮ್ಮ ಮಕ್ಕಳಿಗೆ ಪ್ರತಿವರ್ಷವೂ ಹೇಳುತ್ತೇವೆ. ಆ ಅಕ್ಕಿಯೂ ದಾಸೋಹಕ್ಕೆಂದೇ ತಂದದ್ದಾಗಿತ್ತೆಂಬುದನ್ನು ಮರೆಯಲಾಗದು.

ಇನ್ನು ಕೆಲವರ ಆಕ್ಷೇಪಣೆ ಗಂಭೀರವಾದುದು. ಸುಂಕದ ದರವೇ ನ್ಯಾಯವಾಗಿಲ್ಲ ಎನ್ನುತ್ತಾರೆ ಅವರು. ಇದರಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಮಾಹಿತಿ ತಂತ್ರಜ್ಞಾನದ ವಸ್ತುಗಳನ್ನು ಕುರಿತು 1996ರಲ್ಲಿ ಸಿಂಗಪುರದಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1997ರಲ್ಲಿ ಭಾರತವೂ ಸೇರಿತು. ತತ್ಫಲವಾಗಿ ವರ್ತಕನು ಸರಕಾಗಿ ಆಮದು ಮಾಡಿಕೊಳ್ಳುವ ಗಣಕಯಂತ್ರದ ಮೇಲಿನ ಮೂಲ ಸೀಮಾಸುಂಕವು ಕ್ರಮೇಣ ಇಲ್ಲವಾಯಿತು. ಅವನು ಕೊಡಬೇಕಾದುದು ಮುಖ್ಯವಾಗಿ ಸರಕು ಮತ್ತು ಸೇವಾ ತೆರಿಗೆ. ಪ್ರಯಾಣಿಕನ ಸಾಮಾನಿಗಾದರೋ, ಬಹುತೇಕ ವಸ್ತುಗಳಿಗೆ ಒಂದೇ ಶೀರ್ಷಿಕೆಯಡಿ ಒಂದೇ ದರ. ಆದ್ದರಿಂದ ಅದೇ ಯಂತ್ರಕ್ಕೆ ವರ್ತಕನಿಗಿಂತ ಪ್ರಯಾಣಿಕನು ಹೆಚ್ಚು ತೆರಬೇಕಾಗುವ ಪ್ರಸಂಗವುಂಟು. ಪ್ರಯಾಣಿಕರು ಸಾಮಾನಿನ ಹೆಸರಿನಲ್ಲಿ ವ್ಯಾಪಾರ ಮಾಡಬಾರದೆಂಬುದು ಇದರ ಹಿಂದಿನ ಉದ್ದೇಶವಾಗಿದ್ದರೂ, ಓದುವ ತಮ್ಮನಿಗೊಂದು ಯಂತ್ರವನ್ನು ತರುವ ಅಣ್ಣನಿಗೆ ಇದು ಕಠಿಣವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಅನ್ಯಾಯವೆಂದು ತೋರಿದ ಕಾನೂನನ್ನು ಎದುರಿಸುವುದಕ್ಕೂ ಅದರಿಂದ ತಪ್ಪಿಸಿಕೊಳ್ಳುವುದಕ್ಕೂ ಭೂಮ್ಯಾಕಾಶಗಳ ಅಂತರವಿದೆ. 1930ರಲ್ಲಿ ಮಹಾತ್ಮಾ ಗಾಂಧೀಜಿಯವರು ಉಪ್ಪಿನ ಕಾಯಿದೆಯನ್ನು ಮುರಿದರು. ಮುರಿಯುವ ಮುನ್ನ ಮಾರ್ಚಿ 2ರಂದು ವೈಸರಾಯರಿಗೆ ಪತ್ರ ಬರೆದು ತಿಳಿಸಿದರು. ಸಾಬರಮತಿಯಿಂದ ದಾಂಡಿಯವರೆಗೆ ಹಗಲು ಬೆಳಕಿನಲ್ಲಿ, ಲೋಕವೆಲ್ಲ ನೋಡುತ್ತಿರಲು ನಡೆದರು. ಅದೇ ಏಪ್ರಿಲಿನಲ್ಲಿ ನಮ್ಮ ಅಂಕೋಲೆಯ ಕಡಲತೀರದಲ್ಲಿಯೂ ಜನರು ಬಹಿರಂಗವಾಗಿ ಉಪ್ಪು ಮಾಡಿದರು. ಅವರಾರೂ ಉಪ್ಪನ್ನು ಬಟ್ಟೆಯ ಗಂಟಿನಲ್ಲಿ ಅಡಗಿಸಿ ಒಯ್ಯಲಿಲ್ಲ. ಕಾಯಿದೆಯನ್ನು ಬಹಿರಂಗವಾಗಿ ಮುರಿದು ದಂಡನೆಯನ್ನು ಸ್ವೀಕರಿಸಿದವನು ಎಲ್ಲರ ಹಿತಕ್ಕಾಗಿ ಹೋರಾಡುತ್ತಾನೆ. ಗುಟ್ಟಾಗಿ ತಪ್ಪಿಸಿಕೊಂಡವನು ಕಾಯಿದೆಯನ್ನು ಹಾಗೆಯೇ ಉಳಿಸಿ, ತನ್ನ ಪಾಲಿಗೆ ಮಾತ್ರ ಅದಿಲ್ಲವೆಂದು ಮಾಡಿಕೊಳ್ಳುತ್ತಾನೆ. ದರವು ಅನ್ಯಾಯವೆಂದು ಕಂಡರೆ ಸರಕಾರಕ್ಕೆ ಬರೆಯಬಹುದು, ಲೋಕಸಭೆಯ ಸದಸ್ಯರಿಗೆ ಹೇಳಬಹುದು, ಪತ್ರಿಕೆಗಳಲ್ಲಿ ಚರ್ಚಿಸಬಹುದು. ಅಧಿಕಾರಿಯು ಬೆಲೆಯನ್ನು ತಪ್ಪಾಗಿ ಕಟ್ಟಿದನೆಂದು ತೋರಿದರೆ ಅಧಿನಿಯಮದ 128ನೆಯ ಕಲಮಿನಂತೆ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಕ್ಕೆ ಇಷ್ಟು ಬಾಗಿಲುಗಳಿರುವಾಗ ಕಿಟಕಿಯಿಂದ ನುಸುಳುವುದೇಕೆ?

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಮ್ಮಲ್ಲಿದೆ. ಸುಂಕದವನೆಂದರೆ ಹೃದಯವಿಲ್ಲದವನು, ಅವನನ್ನು ವಂಚಿಸಿದರೆ ತಪ್ಪೇನೆಂಬ ಭಾವನೆ ಜನಮನದಲ್ಲಿ ಬೇರೂರಿದೆ. ಆದರೆ ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣನೆಂಬ ಶರಣರಿದ್ದರೆಂಬುದನ್ನು ನೆನೆಯಬೇಕು. ಸುಂಕವನ್ನು ಸಂಗ್ರಹಿಸುವುದೇ ಅವರ ಕಾಯಕ. ‘ಬಂಕೇಶ್ವರಲಿಂಗ’ವೆಂಬುದು ಅವರ ವಚನಗಳ ಅಂಕಿತ. ನೇಯುವ ಕಾಯಕ, ದೋಣಿ ನಡೆಸುವ ಕಾಯಕಗಳೊಡನೆ ಸುಂಕದ ಕಾಯಕಕ್ಕೂ ಆ ಶರಣಸಮೂಹದಲ್ಲಿ ಸಮಾನವಾದ ಸ್ಥಾನವಿತ್ತು. ಸುಂಕವನ್ನು ಎತ್ತುವುದು ಕಾಯಕವಾದರೆ ಅದನ್ನು ತೆರುವುದೂ ಆ ಕಾಯಕಕ್ಕೆ ತೋರುವ ಗೌರವ. ಇಂದಿನ ಕಟ್ಟೆಯಲ್ಲಿ ಕುಳಿತವರೆಲ್ಲರೂ ಬಂಕಣ್ಣಗಳೆಂದು ನಾವು ಹೇಳುವುದಿಲ್ಲ. ರಸೀದಿಯಿಲ್ಲದೆ ಅರ್ಧಕ್ಕೆ ಮುಗಿಸೋಣವೆನ್ನುವವರೂ ಅಲ್ಲಲ್ಲಿ ಇರಬಹುದು. ಆದರೆ ಕೊಡುವವನಿಲ್ಲದೆ ತೆಗೆದುಕೊಳ್ಳುವವನಿಲ್ಲ. ಭ್ರಷ್ಟಾಚಾರ ನಿರೋಧ ಅಧಿನಿಯಮಕ್ಕೆ 2018ರಲ್ಲಿ ಆದ ತಿದ್ದುಪಡಿಯ ತರುವಾಯ ಲಂಚ ಕೊಡುವುದೂ ನೇರವಾಗಿ ಅಪರಾಧವೇ ಆಗಿದೆ.

ಪರದೇಶಗಳಿಗೆ ಹೋಗಿಬರುವ ಭಕ್ತರಿಗೆ ನೆರವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಪ್ರಾಮಾಣಿಕನಿಗೆ ಕಾನೂನು ಜನರು ಭಾವಿಸಿರುವಷ್ಟು ಕಠಿಣವಾಗಿಲ್ಲ. ಇಲ್ಲಿಂದಲೇ ಬೆಲೆಬಾಳುವ ಯಂತ್ರವನ್ನು ಕೊಂಡೊಯ್ಯುವವರು ಹೊರಡುವಾಗ ಸುಂಕದ ಅಧಿಕಾರಿಗೆ ಅದನ್ನು ತೋರಿಸಿ, ಗುರುತಿನ ಸಂಖ್ಯೆಯನ್ನು ನಮೂದಿಸಿದ ರಫ್ತು ಪ್ರಮಾಣಪತ್ರವನ್ನು ಪಡೆಯಬಹುದು. ಮರಳಿ ಬಂದಾಗ ಅದು ಹೊಸದಾಗಿ ತಂದದ್ದೆಂಬ ಸಂಶಯಕ್ಕೆ ಎಡೆಯಿರುವುದಿಲ್ಲ. ಸುಂಕ ತೆತ್ತು ಒಳಗೆ ತರಲು ಇಷ್ಟವಿಲ್ಲದವರು ವಸ್ತುವನ್ನು ಸತ್ಯವಾಗಿ ಘೋಷಿಸಿ, 80ನೆಯ ಕಲಮಿನ ಮೇರೆಗೆ ಅದನ್ನು ಅಧಿಕಾರಿಯ ವಶದಲ್ಲಿ ಇರಿಸಿಕೊಳ್ಳುವಂತೆ ಕೋರಿ, ದೇಶವನ್ನು ಬಿಡುವಾಗ ಹಿಂದಕ್ಕೆ ಪಡೆಯಬಹುದು. ಪ್ರದರ್ಶನಗಳಿಗೆಂದು ಸಾಮಗ್ರಿಯನ್ನು ತಾತ್ಕಾಲಿಕವಾಗಿ ದೇಶದಿಂದ ದೇಶಕ್ಕೆ ಒಯ್ಯುವವರಿಗೆ 1961ರ ಬ್ರಸೆಲ್ಸ್ ಒಪ್ಪಂದದಿಂದ ಬಂದ ‘ಎ.ಟಿ.ಎ. ಕಾರ್ನೆ’ ಎಂಬ ದಸ್ತಾವೇಜು ಇದೆ. ನಮ್ಮ ದೇಶದಲ್ಲಿ ಅದನ್ನು ಫಿಕ್ಕಿ ಸಂಸ್ಥೆಯು ನೀಡುತ್ತದೆ. ಮಿತಿಗಳೂ ದರಗಳೂ ಕಾಲಕಾಲಕ್ಕೆ ಬದಲಾಗುವುದರಿಂದ ಹೊರಡುವ ಮುನ್ನ ಆಗಿನ ನಿಯಮವನ್ನು ವಿಚಾರಿಸಿ, ಕೊಂಡ ಅಂಗಡಿಯ ರಸೀದಿಯನ್ನು ಜೊತೆಯಲ್ಲಿ ಇಟ್ಟುಕೊಂಡು, ಸಂಶಯವಿದ್ದಲ್ಲಿ ಕೆಂಪು ದಾರಿಯನ್ನೇ ಹಿಡಿಯಬೇಕು. ಕೆಂಪು ದಾರಿ ಅಪರಾಧಿಗಳ ದಾರಿಯಲ್ಲ. ಅದು ಹೇಳಿಕೊಳ್ಳುವವರ ದಾರಿ.

ಈಗ ಮತ್ತೆ ನಮ್ಮ ಕಥೆಗೆ ಬರೋಣ. ಯಂತ್ರಗಳು ಶಾಲೆಯನ್ನು ಸೇರಿದವು, ಮಕ್ಕಳು ಸಂತೋಷಪಟ್ಟರು. ಒಂದು ತಿಂಗಳ ತರುವಾಯ ಶಾಲೆಯ ಗುಮಾಸ್ತರು ದಾಸ್ತಾನು ಪುಸ್ತಕವನ್ನು ಹಿಡಿದುಕೊಂಡು ಬಂದರು. “ಬುದ್ಧೀ, ಈ ಎರಡು ಗಣಕಯಂತ್ರಗಳ ಬಾಬ್ತು ಕಾಗದಪತ್ರವೇನಾದರೂ ಇದೆಯೇ? ಸುಂಕ ಕಟ್ಟಿದ ರಸೀದಿ ಇದ್ದರೆ ಅಂಟಿಸುತ್ತಿದ್ದೆ” ಎಂದರು. ಅವರ ಮನಸ್ಸಿನಲ್ಲಿ ಯಾವ ವ್ಯಂಗ್ಯವೂ ಇರಲಿಲ್ಲ. ಸ್ವಾಮಿಗಳು ತಂದ ವಸ್ತುವಿಗೆ ರಸೀದಿ ಇದ್ದೇ ಇರುತ್ತದೆಂಬ ಸಹಜವಾದ ನಂಬಿಕೆಯಿಂದ ಕೇಳಿದ್ದರು. ನಮಗೆ ಉತ್ತರ ಹೊಳೆಯಲಿಲ್ಲ. ‘ಆಮೇಲೆ ನೋಡೋಣ’ ಎಂದು ಕಳುಹಿಸಿದೆವು. ಆ ರಾತ್ರಿ ಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ವಿಮಾನ ನಿಲ್ದಾಣದಲ್ಲಿ ದಾಟಿ ಬಂದ ಕಟ್ಟೆಯು ಮಠದ ಅಂಗಳದಲ್ಲಿ, ಒಬ್ಬ ಗುಮಾಸ್ತರ ಪುಸ್ತಕದ ರೂಪದಲ್ಲಿ ನಮ್ಮ ಮುಂದೆ ನಿಂತಿತ್ತು.

ಮರುವಾರ ನಾವೇ ಸುಂಕದ ಕಚೇರಿಗೆ ಹೋಗಿ, ನಡೆದುದನ್ನು ಬರೆದುಕೊಟ್ಟೆವು. ಅಲ್ಲಿಯ ಹಿರಿಯ ಅಧಿಕಾರಿಯು ಬಹಳ ಹೊತ್ತು ಸುಮ್ಮನಿದ್ದು, “ಇದನ್ನು ಇಲ್ಲಿಗೇ ಬಿಟ್ಟುಬಿಡಬಹುದಲ್ಲ ಬುದ್ಧೀ” ಎಂದರು. ಅದು ಎರಡನೆಯ ಹಸಿರು ದಾರಿ. ಈ ಸಲ ನಾವು ಅದನ್ನು ಹಿಡಿಯಲಿಲ್ಲ. ಕಾನೂನಿನ ಕ್ರಮದಂತೆ ಬೆಲೆಯನ್ನು ಕಟ್ಟಿ, ಸುಂಕವನ್ನೂ ದಂಡವನ್ನೂ ವಿಧಿಸಿದರು. ಮಠದ ನಿಧಿಯು ಭಕ್ತರದಾದ್ದರಿಂದ ಅದನ್ನು ಮುಟ್ಟದೆ, ನಮಗೆ ವೈಯಕ್ತಿಕವಾಗಿ ಬಂದಿದ್ದ ಪಾದಕಾಣಿಕೆಯಿಂದ ತೆತ್ತೆವು. ರಸೀದಿಯು ಈಗ ದಾಸ್ತಾನು ಪುಸ್ತಕದಲ್ಲಿದೆ. ಕಾಣಿಕೆಯನ್ನು ಕೊಟ್ಟ ಭಕ್ತರಿಗೆ ದೂರವಾಣಿಯಲ್ಲಿ ವಿಷಯವನ್ನು ತಿಳಿಸಿದಾಗ ಅವರು ನೊಂದುಕೊಂಡರು. ಅವರ ಭಕ್ತಿಯಲ್ಲಿ ದೋಷವಿರಲಿಲ್ಲ, ‘ಬೇಡ’ವೆಂದು ಹೇಳಬೇಕಾಗಿದ್ದವರು ನಾವು ಎಂದು ಸಮಾಧಾನ ಹೇಳಿದೆವು. ಮರುವರ್ಷ ಅವರು ಯಂತ್ರಗಳನ್ನು ಇಲ್ಲಿಯ ಅಂಗಡಿಯಲ್ಲಿಯೇ ಕೊಂಡು, ಬಿಲ್ಲಿನ ಸಹಿತ ಶಾಲೆಗೆ ಕಳುಹಿಸಿದರು.

ತಡವಾಗಿ ತೆತ್ತ ಸುಂಕವು ಮೊದಲೇ ತೆತ್ತ ಸುಂಕಕ್ಕೆ ಸಮನಲ್ಲವೆಂಬುದನ್ನು ಬಲ್ಲೆವು. ಹಣವನ್ನು ಮರಳಿ ಕಟ್ಟಬಹುದು. ಆ ದಿನ ಎದ್ದು ನಿಂತು ನಮಸ್ಕರಿಸಿದ ಅಧಿಕಾರಿಯ ವಿಶ್ವಾಸವನ್ನು ಯಾವ ಕಚೇರಿಯಲ್ಲಿ ಕಟ್ಟುವುದು? ಆ ಋಣದ ಒಂದಂಶವಾದರೂ ತೀರಲೆಂದು ಇದನ್ನು ಬರೆದಿದ್ದೇವೆ. ಸುಂಕದ ಕಟ್ಟೆಯನ್ನು ತಪ್ಪಿಸಿ ಹೋದವನಿಗೆ ಬೆಳಗಾಗುವುದು ಆ ಕಟ್ಟೆಯಲ್ಲಿಯೇ. ಕತ್ತಲೆಯಲ್ಲಿ ಅಲೆಯದೆ ಹಗಲಿನಲ್ಲಿಯೇ ಅಲ್ಲಿಗೆ ಹೋಗಿ, ಇರುವುದನ್ನು ಇದ್ದಂತೆ ಹೇಳಿ, ಸಲ್ಲಬೇಕಾದುದನ್ನು ಸಲ್ಲಿಸಿ, ಹಗುರವಾದ ಮನಸ್ಸಿನಿಂದ ಮನೆಗೆ ಬರುವಂಥ ಬುದ್ಧಿ ನಮಗೂ ಸದ್ಭಕ್ತರೆಲ್ಲರಿಗೂ ಬರಲಿ.